ಮೊದಲ ಅಧ್ಯಾಯದಲ್ಲಿ ಟೀ ತಂದವಳು

ನಮ್ಮ ಕಾಲೇಜಿನ ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಒಂದು ಗಾಥಿಕ್ ಕಾದಂಬರಿಯ ಮೊದಲ ಅಧ್ಯಾಯ ಇದೆ. ಮೊದಲನೆಯದು ಮಾತ್ರ. ಪುಸ್ತಕ ಮಾಡಿದ ಪುಣ್ಯಾತ್ಮರು ಯಾರೋ, ಓದುವವರಿಗೆ ಚೆನ್ನಾಗಿ ಹೆದರಿಕೆ ಹುಟ್ಟಿಸಿ, ಮುಂದೇನಾಯಿತು ಅಂತ ಹೇಳದೆ, ಕೆಳಗೆ ಎರಡು ಅಂಕದ ಐದು ಪ್ರಶ್ನೆ ಹಾಕಿ ಕೈ ತೊಳೆದುಕೊಂಡಿದ್ದಾರೆ. ಹೊಸಕೋಟೆಯಲ್ಲಿ ನಾನು ಇದನ್ನು ಏಳು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಏಳು ವರ್ಷದಿಂದಲೂ ಇದು ನನಗೆ ತಲೆನೋವೇ.

ಕಥೆ ಇಷ್ಟು. ಮದುವೆ ಗೊತ್ತಾದ ಒಬ್ಬ ಹುಡುಗಿ ತಾನು ಸೇರಬೇಕಾದ ಮನೆ ನೋಡಲು ಕುದುರೆಗಾಡಿಯಲ್ಲಿ ಬರುತ್ತಾಳೆ. ದಾರಿ ತುಂಬ ಮಂಜು. ಗುಡ್ಡದ ಮೇಲೆ ಒಂಟಿ ಕಲ್ಲಿನ ಮನೆ. ಗಾಡಿಯವನು ಗೇಟಿನಿಂದ ಒಳಗೆ ಬರುವುದಿಲ್ಲ ಎನ್ನುತ್ತಾನೆ. ಮನೆಯ ಯಜಮಾನಿ ನಗುನಗುತ್ತಾ ಎಲ್ಲ ಕೋಣೆ ತೋರಿಸುತ್ತಾಳೆ, ಒಂದು ಬಾಗಿಲು ಮಾತ್ರ ತೆಗೆಯುವುದಿಲ್ಲ. ಯಾರೋ ಒಬ್ಬಳು ಟೀ ತಂದಿಟ್ಟು ಹೋಗುತ್ತಾಳೆ. ಆ ಮುಚ್ಚಿದ ಬಾಗಿಲ ಹಿಂದೆ ಏನೋ ಸದ್ದು. ಅಲ್ಲಿಗೆ ಅಧ್ಯಾಯ ಮುಗಿಯಿತು.

ಇದನ್ನು ಓದಿ ಹೆದರಿ ಎಂದರೆ ನಮ್ಮ ಮಕ್ಕಳು ಹೆದರಬೇಕಲ್ಲ. ಮಂಜು ಎಂದರೆ, "ದೇವನಹಳ್ಳಿ ರೋಡಲ್ಲಿ ಚಳಿಗಾಲದಲ್ಲಿ ದಿನಾ ಇರುತ್ತೆ ಮಿಸ್, ಹೆಡ್‌ಲೈಟ್ ಹಾಕ್ಕೊಂಡ್ರೆ ಆಯ್ತು" ಎನ್ನುತ್ತಾರೆ. ಒಂಟಿ ಮನೆ ಎಂದರೆ, ಸುತ್ತ ಇನ್ನೂ ಲೇಔಟ್ ಆಗಿಲ್ಲ ಎನ್ನುತ್ತಾರೆ. ಬೀಗ ಹಾಕಿದ ಕೋಣೆ ಯಾಕೆ ಹಾಗಿರಬಹುದು, ಯೋಚಿಸಿ ಎಂದು ಕೇಳಿದರೆ ಹಿಂದಿನ ಬೆಂಚಿನಿಂದ ಉತ್ತರ ತಯಾರು: "ಅಣ್ಣತಮ್ಮಂದಿರ ಪಾಲಿನ ತಕರಾರು ಮಿಸ್. ಕೋರ್ಟಲ್ಲಿ ಸ್ಟೇ ಇರುತ್ತೆ." ಇಡೀ ತರಗತಿ ತಲೆಯಾಡಿಸುತ್ತದೆ. ಏರ್‌ಪೋರ್ಟ್ ಬಂದು ಜಮೀನಿಗೆ ಬೆಲೆ ಏರಿದ ಮೇಲೆ ಬೆಳೆದ ಮಕ್ಕಳು. ಮುಚ್ಚಿದ ಬಾಗಿಲು ಕಂಡರೆ ಅವರಿಗೆ ದೆವ್ವ ಕಾಣುವುದಿಲ್ಲ, ವಕೀಲರು ಕಾಣುತ್ತಾರೆ.

ಹಾಗಾಗಿ ನಾನು ರಸ ಗಿಸ ಎಲ್ಲ ಬಿಟ್ಟು ಬೋರ್ಡಿನ ಮೇಲೆ ಪಟ್ಟಿ ಬರೆಯುವ ಅಭ್ಯಾಸ ಮಾಡಿಕೊಂಡೆ. ಮೊದಲ ಅಧ್ಯಾಯ ಓದುಗರಿಗೆ ಮಾತು ಕೊಡುತ್ತದೆ, ಮುಂದೆ ಏನೋ ಆಗುತ್ತದೆ ಎಂದು ಕಾಯಿಸುತ್ತದೆ. ಹೇಗೆ? ಹವಾಮಾನದಿಂದ, ದಾರಿಯಿಂದ, ಮನೆಯಿಂದ, ಮುಚ್ಚಿದ ಬಾಗಿಲಿನಿಂದ, ಕೊನೆಗೆ ಎಚ್ಚರಿಕೆ ಕೊಡುವವರಿಂದ. ಎಚ್ಚರಿಕೆ ಕೊಡುವವರ ಬಗ್ಗೆ ಒಂದು ಸಾಲು ಹೆಚ್ಚಿಗೆ ಬರೆಸುತ್ತಿದ್ದೆ: ಅವರು ಹೆಚ್ಚು ಮಾತಾಡುವುದಿಲ್ಲ, ಒಂದೇ ಮಾತು ಆಡಿ ಹೋಗುತ್ತಾರೆ, ಆ ಮಾತನ್ನು ಓದುಗ ಹಿಡಿಯಬೇಕು. ಬರೆದುಕೊಳ್ಳಿ, ಇದು ಮುಖ್ಯ ಎಂದು ಪ್ರತಿ ವರ್ಷ ಹೇಳಿದ್ದೇನೆ. ಪ್ರತಿ ವರ್ಷ ಬರೆದುಕೊಂಡಿದ್ದಾರೆ.

ಕಳೆದ ವರ್ಷ ಪಟ್ಟಿ ಬರೆದು ಮುಗಿಸುವಷ್ಟರಲ್ಲಿ ಮೂರನೇ ಬೆಂಚಿನ ಒಬ್ಬಳು ಕೈ ಎತ್ತಿದಳು. ಪೇಟೆಯಲ್ಲಿ ಬಳೆ ಅಂಗಡಿ ಇಟ್ಟವರ ಮಗಳು, ಮನೆಯಲ್ಲಿ ದಖನಿ ಉರ್ದು ಮಾತು, ತರಗತಿಯಲ್ಲಿ ಮಾತೇ ಕಡಿಮೆ.

"ಮಿಸ್, ಟೀ ತಂದುಕೊಟ್ಟಳಲ್ಲ, ಅವಳು ಯಾರು?"

"ಕೆಲಸದವಳಿರಬೇಕು."

"ಅವಳ ಕೈಯಲ್ಲೂ ಆ ಹುಡುಗಿ ಥರ ಮದುವೆ ಉಂಗುರ ಇದೆ ಅಂತ ಬರ್ದಿದೆ ಮಿಸ್. ಕೆಲಸದವಳಲ್ಲ. ಅವಳು ಯಾಕೆ ಮಾತಾಡಲ್ಲ?"

ಆವತ್ತು ನನಗೆ ಗಂಟಲು ಕಟ್ಟಿತ್ತು, ಗಂಟೆ ಹೊಡೆಯಲು ಐದು ನಿಮಿಷ ಇತ್ತು, ಹಾಜರಿ ಬಾಕಿ ಇತ್ತು. "ಅವಳು ಮುಖ್ಯ ಪಾತ್ರ ಅಲ್ಲಮ್ಮ. ಅದರ ಮೇಲೆ ಪ್ರಶ್ನೆ ಬರಲ್ಲ, ಕೂತ್ಕೋ" ಎಂದೆ. ಕೂತಳು. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ರೇಗುತ್ತದೆ. ಉಂಗುರದ ಸಾಲನ್ನು ಆರು ವರ್ಷದಿಂದ ನಾನೂ ಓದುತ್ತಲೇ ಇದ್ದೆ.

ಆ ವಾರವೇ ನಮ್ಮಣ್ಣ ಫೋನ್ ಮಾಡಿದ. ಅವನಿರುವುದು ಬೂದಿಗೆರೆ ಹತ್ತಿರದ ನಮ್ಮ ಊರಿನಲ್ಲಿ, ಮಾರಿ ಉಳಿದ ಜಮೀನಿನಲ್ಲಿ ಗುಲಾಬಿ ಬೆಳೆಯುತ್ತಾನೆ. ಮಗಳಿಗೆ ಸಂಬಂಧ ಬಂದಿದೆ, ಜಡಿಗೇನಹಳ್ಳಿ ಕಡೆಯವರು, ರೇಷ್ಮೆ ಮಾಡುವ ಜನ, ಎರಡನೇ ಮಗನಿಗೆ ಕೇಳುತ್ತಿದ್ದಾರೆ, ಹುಡುಗನಿಗೆ ಕಂಪನಿಯಲ್ಲಿ ಕೆಲಸ. ಜಾತಕ ಕೂಡಿದೆ, ಅವರು ಬಂದು ಹುಡುಗಿ ನೋಡಿಕೊಂಡು ಹೋಗಿದ್ದಾರೆ, ಇನ್ನು ನಾವು ಮನೆ ನೋಡುವುದು ಬಾಕಿ. "ನೀನೂ ಬಾರಮ್ಮ. ಓದ್ದೋಳು ನೀನು. ನಿನ್ ಕಣ್ಣಿಗೆ ಬೀಳೋದು ನಮ್ ಕಣ್ಣಿಗೆ ಬೀಳಲ್ಲ" ಎಂದ. ಹೊಗಳಿದರೆ ಯಾರು ಬೇಡ ಎನ್ನುತ್ತಾರೆ? ಹೊರಟೆ.

ಮನೆ ನೋಡುವ ಶಾಸ್ತ್ರ ನಮ್ಮಲ್ಲಿ ಹೀಗೆ: ಐದೋ ಏಳೋ ಒಂಬತ್ತೋ, ಬೆಸ ಸಂಖ್ಯೆಯಲ್ಲಿ ಹಿರಿಯರು ಹೋಗಬೇಕು. ಹುಡುಗಿ ಹೋಗಬಾರದು. ಮದುವೆಗೆ ಮುಂಚೆ ಅವಳು ಆ ಹೊಸಿಲು ಮೆಟ್ಟುವಂತಿಲ್ಲ. ಆ ಮನೆಯಲ್ಲಿ ನಲವತ್ತು ಐವತ್ತು ವರ್ಷ ಬದುಕಬೇಕಾದವಳನ್ನು ಬಿಟ್ಟು, ಒಂದು ಹೊತ್ತು ಕೂತು ಎದ್ದು ಬರುವವರೆಲ್ಲ ಹೋಗಿ ನೋಡುತ್ತಾರೆ. ಹಾಳಾದ್ದು ಆ ಕಾದಂಬರಿಯೇ ವಾಸಿ, ಅಲ್ಲಿ ಹುಡುಗಿಯನ್ನಾದರೂ ಕಳಿಸುತ್ತಾರೆ. ಇನ್ನೊಂದು ಕಟ್ಟಳೆ ಇದೆ. ಟೀ ಕಾಫಿ ಕುಡಿಯಬಹುದು, ಅದಕ್ಕೆ ಲೆಕ್ಕವಿಲ್ಲ. ಊಟಕ್ಕೆ ಕೂತರೆ ಮಾತ್ರ ಒಪ್ಪಿದಂತೆ. ಎಲೆಯ ಮುಂದೆ ಕೂತ ಮೇಲೆ ಹಿಂದಕ್ಕೆ ಸರಿಯುವಂತಿಲ್ಲ.

ಹೊರಡುವ ಮುಂಚೆ ಅಣ್ಣನ ಮಗಳು ನನ್ನನ್ನು ಹಿತ್ತಲಿಗೆ ಕರೆದಳು. ದೇವನಹಳ್ಳಿಯಲ್ಲಿ ಬಿಎಸ್ಸಿ ಕೊನೆಯ ವರ್ಷ ಓದುತ್ತಿದ್ದಳು, ಆಮೇಲೆ ಬಿ.ಎಡ್. ಮಾಡಬೇಕೆಂದು ಆಸೆ. ಮದುವೆ ಮಾತ್ರ ಪರೀಕ್ಷೆಗಿಂತ ಮುಂಚೆಯೇ ಆಗಬೇಕು ಎಂದು ಆ ಕಡೆಯವರು ಹೇಳಿದ್ದರು.

"ಅತ್ತೆ, ಮನೆ ಹೆಂಗಾದ್ರೂ ಇರ್ಲಿ. ಬೋರ್‌ವೆಲ್ಲು ಕಾರು ಎಲ್ಲಾ ಅಪ್ಪ ನೋಡ್ಕೋತಾರೆ. ನೀನು ಒಂದೇ ಒಂದು ನೋಡ್ಕೊಂಡು ಬಾ. ನನ್ನ ಓದೋಕೆ ಬಿಡ್ತಾರಾ, ಇಲ್ವಾ."

"ಅದಕ್ಕೇ ಅಲ್ವೇನೇ ನಾನು ಹೋಗ್ತಿರೋದು" ಎಂದೆ.

ಏಳು ಜನ ಎರಡು ಕಾರಿನಲ್ಲಿ ಹೋದೆವು. ಮಂಜಿಲ್ಲ, ಮೋಡವಿಲ್ಲ, ಕಣ್ಣು ಕುಕ್ಕುವ ಬಿಸಿಲು. ಊರ ಹೊರಗಿನ ತೋಟದ ಮನೆ, ಎದುರಿಗೆ ಹೊಸ ಟೈಲ್ಸ್, ಗುಲಾಬಿ ಬಣ್ಣ, ಗೇಟಿಗೆ ಸ್ಟೀಲು. ನನಗೆ ನಿರಾಸೆಯೇ ಆಯಿತು ಅಂದರೆ ನಂಬಬೇಕು. ಗಂಡಸರು ಕಾರಿಳಿದವರೇ ಕೊಳವೆ ಬಾವಿ ಎಷ್ಟು ಅಡಿ, ಮೇನ್ ರೋಡಿಗೆ ಎಷ್ಟು ದೂರ ಎಂದು ಶುರುಮಾಡಿದರು. ಅತ್ತಿಗೆ ಅಡುಗೆಮನೆಯ ಗ್ರಾನೈಟ್ ಮುಟ್ಟಿ ನೋಡಿದರು. ಹುಡುಗನ ತಾಯಿ ಮೊಣಕೈವರೆಗೂ ಸೊಪ್ಪಿನ ಕಲೆಯಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಬಾಯಿತುಂಬ ಮಾತಾಡಿಸಿದರು. ಮೈಮುರಿದು ದುಡಿಯುವ ಹೆಂಗಸು, ನಗು ಧಾರಾಳ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನಾನು ಗುರುತು ಹಿಡಿಯುತ್ತಿದ್ದೆ, ಅಷ್ಟು ಪಾಠ ಮಾಡಿದ್ದೇನೆ.

ಹಿರಿಯ ಸೊಸೆ ಟೀ ತಂದಳು. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ನನ್ನ ಮುಂದೆ ತಟ್ಟೆ ಹಿಡಿದು, "ಸಕ್ಕರೆ ಕಮ್ಮಿ ಹಾಕಿದೀನಿ ಮಿಸ್" ಎಂದಳು. ಅಲ್ಲಿ ಮಿಕ್ಕವರೆಲ್ಲ ನನ್ನನ್ನು ಮೇಡಮ್ಮೋರೇ ಎಂದು ಕರೆಯುತ್ತಿದ್ದರು. ನಾನು ಲೋಟ ತೆಗೆದುಕೊಂಡೆ. ನನ್ನ ಕಣ್ಣು ಆಗಲೇ ಕಿಟಕಿಯಾಚೆ ಹೋಗಿತ್ತು.

ಹಿತ್ತಲಲ್ಲಿ ಒಂದು ಉದ್ದನೆಯ ಕಟ್ಟಡ. ಕಿಟಕಿಗಳಿಗೆ ಕಪ್ಪು ಬಟ್ಟೆ, ಬಾಗಿಲಿಗೆ ಬೀಗ. ಹೊಸಿಲ ಮುಂದೆ ಬಿಳಿ ಪುಡಿ ಗೆರೆ ಎಳೆದಂತೆ ಚೆಲ್ಲಿತ್ತು. ಕೈ ತೊಳೆಯುವ ನೆಪದಲ್ಲಿ ಎದ್ದು ಹತ್ತಿರ ಹೋದೆ. ಒಳಗಿನಿಂದ ಸದ್ದು ಬರುತ್ತಿತ್ತು. ಆ ಸುಡುಬಿಸಿಲಿನಲ್ಲಿ, ಒಳಗೆ ಮಾತ್ರ ಸಣ್ಣಗೆ ಮಳೆ ಹುಯ್ಯುತ್ತಿರುವ ಸದ್ದು.

"ಅಲ್ಲಿಗೆ ಹೊರಗಿನೋರು ಹೋಗಂಗಿಲ್ಲ ಮೇಡಮ್ಮೋರೇ" ಎಂದು ಹಿಂದಿನಿಂದ ಹುಡುಗನ ತಾಯಿ ಕೂಗಿದರು.

ದೇವರಾಣೆಗೂ ಮೈ ಜುಮ್ಮೆಂದಿತು. ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು ನಾನು, ಆದರೆ ನಮ್ಮ ಊರಿನಲ್ಲಿ ರೇಷ್ಮೆ ಮಾಡುವವರಿರಲಿಲ್ಲ, ನಮ್ಮದೆಲ್ಲ ಹೂವು ತರಕಾರಿ. ಆರು ವರ್ಷ ಬೋರ್ಡಿನ ಮೇಲೆ ಬರೆದದ್ದು ತಲೆಗೇರಿತ್ತು. ಅಲ್ಲೇನಿದೆ ಎಂದೆ. ಏನಿಲ್ಲ ಬನ್ನಿ ಎಂದರು. ಏನಿಲ್ಲದಿದ್ದರೆ ಬೀಗ ಯಾಕೆ ಎಂದೆ. ನನ್ನ ಗಂಟಲು ದೊಡ್ಡದು, ಹಜಾರದಲ್ಲಿದ್ದ ಗಂಡಸರೆಲ್ಲ ಎದ್ದು ಬಂದರು. ಅಣ್ಣ ಕಣ್ಣಲ್ಲೇ ಬೇಡ ಎಂದ. ಹೆಣ್ಣು ಕೊಡುವ ಮನೆ, ಎಲ್ಲ ನೋಡಿಕೊಂಡು ಹೋಗಬೇಕು, ಬಾಗಿಲು ತೆಗೆಸಿ ಎಂದು ಪಟ್ಟು ಹಿಡಿದೆ.

ಆಕೆ ಒಂದು ಕ್ಷಣ ನನ್ನ ಮುಖ ನೋಡಿ, ಸೊಂಟದಿಂದ ಬೀಗದ ಕೈ ತೆಗೆದರು. "ಕಾಲು ಈ ಪುಡಿಗೆ ಒತ್ತಿ ಒಳಗೆ ಬನ್ನಿ" ಎಂದರು.

ಹುಳ. ಲಕ್ಷಗಟ್ಟಲೆ ರೇಷ್ಮೆ ಹುಳ. ಗೋಡೆಯಿಂದ ಗೋಡೆಗೆ, ಒಂದರ ಮೇಲೊಂದು ಬಿದಿರಿನ ತಟ್ಟೆ, ಪ್ರತಿ ತಟ್ಟೆಯಲ್ಲೂ ಬೆರಳುದ್ದದ ಬಿಳಿ ಹುಳಗಳು ಸೊಪ್ಪು ಮೇಯುತ್ತಿದ್ದವು. ಮಳೆಯ ಸದ್ದು ಅವುಗಳ ಬಾಯಿಯದು. "ನಾಲ್ಕನೇ ಜ್ವರ ಎದ್ದವೆ ಮೇಡಮ್ಮೋರೇ, ಪೊರೆ ಬಿಟ್ಟು ಎದ್ದ ಮೇಲೆ ಹೊಟ್ಟೆಬಾಕಗಳು" ಎಂದರು ಆಕೆ. ಹೊರಗಿನವರ ಕಾಲಿನಿಂದ ಹುಳಕ್ಕೆ ರೋಗ ಬರಬಾರದೆಂದು ಬೀಗ, ನೊಣ ಬರದಿರಲೆಂದು ಬಟ್ಟೆ, ಬಿಳಿ ಪುಡಿ ಸುಣ್ಣ ಮತ್ತು ಬ್ಲೀಚಿಂಗ್. ಬಾಗಿಲಲ್ಲಿ ನಿಂತ ಗಂಡಸರಲ್ಲಿ ಯಾರೋ ಮೊದಲು ಕಿಸಕ್ಕೆಂದರು. ಆಮೇಲೆ ಎಲ್ಲರೂ. ಅಣ್ಣನೂ ನಕ್ಕ. "ಪುಸ್ತಕ ಓದಿ ಓದಿ ಹಿಂಗಾಗವ್ಳೆ ನಮ್ ತಂಗಿ" ಎಂದು ಬೀಗರ ಬಳಿ ಕ್ಷಮೆ ಕೇಳುವ ಹಾಗೆ ಹೇಳಿದ.

ಮುಖ ಎಲ್ಲಿಡಲಿ ಎಂದು ತಿಳಿಯದೆ ಪಕ್ಕಕ್ಕೆ ತಿರುಗಿದೆ. ಅಲ್ಲಿ ತೊಳೆದು ಒಣಗಿಸಿದ ಖಾಲಿ ತಟ್ಟೆಗಳಿದ್ದವು, ಹುಳ ಬಿಡಲು ಕಾಗದ ಹಾಸಿ ಅಣಿ ಮಾಡಿದ್ದರು. ನೋಟ್‌ಬುಕ್ಕಿನಿಂದ ಹರಿದ ಹಾಳೆಗಳು. ದುಂಡನೆಯ ಅಕ್ಷರ, ನೀಲಿ ಇಂಕು, ಎಲೆಯ ಅಡ್ಡಸೀಳಿನ ಚಿತ್ರ, ಪ್ರತಿ ಭಾಗಕ್ಕೂ ಸ್ಕೇಲಿನಿಂದ ಎಳೆದ ಗೆರೆ, ಗೆರೆಯ ತುದಿಗೆ ಹೆಸರು. ಬಾಟನಿ. ಮಾತು ಬದಲಿಸಿದರೆ ಸಾಕಾಗಿತ್ತು ನನಗೆ. "ಯಾರದ್ದಿದು, ಅಕ್ಷರ ಎಷ್ಟು ಚೆನ್ನಾಗಿದೆ" ಎಂದೆ.

"ಯಾವ್ದೋ ಹಳೇ ಪುಸ್ತಕ, ಸುಮ್ನೆ ಬಿದ್ದಿದ್ವು" ಎಂದರು ಹುಡುಗನ ತಾಯಿ. ಖಾಲಿ ಲೋಟಗಳ ತಟ್ಟೆ ಹಿಡಿದು ಹೊರಗೆ ನಿಂತಿದ್ದ ಹಿರಿಯ ಸೊಸೆ ಅಲ್ಲಿಂದ ಮನೆಯೊಳಗೆ ಹೋದಳು.

ಆಮೇಲೆ ನಾನು ಮೆತ್ತಗಾದೆ. ಅಣ್ಣನ ಮಗಳ ಮಾತು ಮರೆತಿರಲಿಲ್ಲ, ಕೇಳಿದೆ. "ಹುಡುಗಿ ಓದ್ಬೇಕು ಅಂತಾಳೆ."

"ಅಯ್ಯೋ, ಓದ್ಲಿ ಬಿಡಿ. ನಮ್ಮನೇಲಿ ಓದಿಗೆ ಯಾರೂ ಅಡ್ಡ ಬರಲ್ಲ. ದೊಡ್ಡ ಸೊಸೇನೂ ಕಾಲೇಜಿಗೆ ಹೋಗ್ತಿದ್ದೋಳೇ ಅಲ್ವಾ" ಎಂದರು ಆಕೆ. ನೇರವಾದ ಉತ್ತರ, ನಗುಮುಖದಲ್ಲಿ. ಇನ್ನೇನು ಬೇಕು?

ಹಜಾರದಲ್ಲಿ ಎಲೆ ಹಾಕಿದರು. ಅಣ್ಣ ಕೂರದೆ ನಿಂತ, ನನ್ನ ಕಡೆ ನೋಡಿದ. "ಏನಮ್ಮ, ಊಟಕ್ಕೆ ಕೂರಾಣ್ವಾ?" ಏಳು ಜನರಲ್ಲಿ ಅವನು ಕೇಳಿದ್ದು ನನ್ನೊಬ್ಬಳನ್ನು. ಇನ್ನೊಂದು ಸಲ ಬೇಡ ಎಂದರೆ ಮತ್ತೆ ನಗುತ್ತಾರೆ ಅನ್ನಿಸಿತು. ಒಂದು ಮನೆಯನ್ನು ದೆವ್ವದ ಮನೆ ಅಂದುಕೊಂಡ ನಾಚಿಕೆಗೆ ಅದೇ ಮನೆಯನ್ನು ಒಪ್ಪಿಬಿಡುವುದು, ಎಂಥ ನ್ಯಾಯ ನೋಡಿ. "ಕೂರಾಣ" ಎಂದೆ.

ಬಡಿಸಿದ್ದು ಹಿರಿಯ ಸೊಸೆಯೇ. ಶಾವಿಗೆ ಪಾಯಸದ ಸೌಟು ಹಿಡಿದು ನನ್ನ ಎಲೆಯ ಮುಂದೆ ಬಗ್ಗಿದಾಗ, ತಗ್ಗಿದ ದನಿಯಲ್ಲಿ ಕೇಳಿದಳು. "ಹುಡುಗಿ ಎಷ್ಟನೇ ವರ್ಷ ಮಿಸ್?"

"ಕೊನೇ ವರ್ಷ ಕಣಮ್ಮ."

"ಮುಗಿಸ್ಲಿ" ಎಂದಳು.

"ಹೂಂ, ಮುಗಿಸ್ತಾಳೆ. ಪಾಯಸ ಇನ್ನೊಂಚೂರು ಹಾಕು" ಎಂದೆ ನಾನು.

ಊರಿಗೆ ಬಂದು ಅಣ್ಣನ ಮಗಳಿಗೆ ಓದಿಸ್ತಾರಂತೆ ಎಂದು ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿ, "ನೀನು ಹೇಳಿದ್ರೆ ಸರಿ ಅತ್ತೆ" ಎಂದಳು. ಲಗ್ನಪತ್ರಿಕೆಗೆ ದಿನ ನೋಡಿದರು.

ಎರಡು ವಾರದ ನಂತರ ಕಾಲೇಜಿನಲ್ಲಿ ಕಿರುಪರೀಕ್ಷೆ. ಭಾನುವಾರ ಬೆಳಿಗ್ಗೆ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದೆ. ಮೊದಲ ಅಧ್ಯಾಯ ಓದುಗರಲ್ಲಿ ನಿರೀಕ್ಷೆ ಹುಟ್ಟಿಸುವುದು ಹೇಗೆ, ಹತ್ತು ಅಂಕ. ನಲವತ್ತು ಪತ್ರಿಕೆಯಲ್ಲಿ ನನ್ನದೇ ಪಟ್ಟಿ, ನನ್ನದೇ ತಪ್ಪುಗಳ ಸಮೇತ. ನಲವತ್ತೊಂದನೆಯದು ಬಳೆ ಅಂಗಡಿಯವರ ಮಗಳದು. ಒಡ್ಡೊಡ್ಡು ಇಂಗ್ಲಿಷಿನಲ್ಲಿ ಬರೆದಿದ್ದಳು: ಬಾಗಿಲು ನೋಡಿ ನಾವು ಹೆದರುತ್ತೇವೆ, ಲೇಖಕರಿಗೆ ಬೇಕಾದದ್ದೂ ಅದೇ, ನಾವು ಬಾಗಿಲನ್ನೇ ನೋಡುತ್ತಿರಲಿ ಅಂತ. ನಮ್ಮ ಅಕ್ಕನಿಗೆ ಮನೆ ನೋಡಲು ಹೋದಾಗ ಅಮ್ಮಿ ಹಜಾರದಲ್ಲಿ ಕೂರಲಿಲ್ಲ, ಆ ಮನೆಗೆ ಮೊದಲು ಬಂದ ಸೊಸೆಯ ಜೊತೆ ಒಂದು ಗಂಟೆ ಈರುಳ್ಳಿ ಹೆಚ್ಚಿದರು. ಆಮೇಲೆ ಬೇಡ ಅಂದರು. ಈ ಪಾಠದಲ್ಲಿ ಟೀ ತಂದವಳ ಕೈಯಲ್ಲೂ ಉಂಗುರ ಇದೆ. ಅವಳು ಆ ಮನೆಗೆ ಮೊದಲು ಬಂದ ಹುಡುಗಿ. ಮುಂದೆ ಏನಾಗುತ್ತದೆ ಎಂದು ನಮ್ಮ ಪುಸ್ತಕದಲ್ಲಿಲ್ಲ, ಆದರೆ ಅವಳನ್ನು ನೋಡಿದರೆ ಸಾಕು.

ಕೆಂಪು ಪೆನ್ನು ಕೈಯಲ್ಲೇ ಉಳಿಯಿತು. ಮಿಸ್ ಎಂದಳಲ್ಲ ಆ ಮನೆಯ ಹಿರಿಯ ಸೊಸೆ. ಮುಗಿಸ್ಲಿ ಎಂದಳಲ್ಲ. ಆ ಮನೆಯಲ್ಲಿ ಬಾಟನಿ ನೋಟ್ಸ್ ಇನ್ಯಾರದ್ದಿರುತ್ತದೆ? ಅದು ಯಾರೋ ಮುಚ್ಚಿಟ್ಟದ್ದೂ ಅಲ್ಲ, ಬೀಗ ತೆಗೆಸಿ, ಒಳಗೆ ಹೋಗಿ, ಕಣ್ಣಾರೆ ಓದಿ, ಅಕ್ಷರಕ್ಕೆ ಮಾರ್ಕ್ಸ್ ಕೊಟ್ಟು ಬಂದಿದ್ದೆ ನಾನು. ಮೇಷ್ಟ್ರು ಬುದ್ಧಿ ಎಂದರೆ ಇದೇ ಇರಬೇಕು. ಹತ್ತಕ್ಕೆ ಹತ್ತು ಹಾಕಿ ಅಣ್ಣನಿಗೆ ಫೋನ್ ಮಾಡಿದೆ.

ಅವನು ಪೂರ್ತಿ ಕೇಳಲೂ ಇಲ್ಲ. "ಅವತ್ತು ಹುಳದ ಮನೇಲಿ ದೆವ್ವ ಹುಡುಕ್ದೆ, ಇವತ್ತು ಪಾಯಸದಲ್ಲಿ ಹುಡುಕ್ತಿದೀಯಾ? ಊಟಕ್ಕೆ ಕೂರಾಣ ಅಂದೋಳು ಯಾರು? ನೀನೇ ಅಲ್ವಾ? ಅವರ ಮನೆ ಉಪ್ಪು ತಿಂದು ಬಂದಿದೀವಿ. ಸುಮ್ನಿರಮ್ಮ ಸಾಕು." ಇಟ್ಟುಬಿಟ್ಟ. ಅವನ ಮೇಲೆ ಕೋಪ ಬಂತು, ಆದರೆ ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ಸುಳ್ಳು ಬಾಗಿಲಿಗೆ ಕೂಗಾಡಿ ನನ್ನ ಮಾತಿನ ಬೆಲೆಯನ್ನೆಲ್ಲ ನಾನೇ ಖಾಲಿ ಮಾಡಿಕೊಂಡಿದ್ದೆ.

ಕೊನೆಗೆ ಅಣ್ಣನ ಮಗಳಿಗೇ ಮಾಡಿದೆ. ಎಲ್ಲ ಹೇಳಿದೆ, ಪಾಯಸದ ವಿಷಯವೊಂದು ಬಿಟ್ಟು. ಅವಳು ಅಳಲಿಲ್ಲ, ಬಯ್ಯಲಿಲ್ಲ. "ಎಲೆ ಚಿತ್ರ ಇತ್ತು ಅಂದ್ಯಲ್ಲ, ಅಡ್ಡಸೀಳಾ?" ಎಂದಳು. ಹೌದೆಂದೆ. "ಅದು ಮೂರನೇ ಸೆಮಿಸ್ಟರ್‌ದು. ಅಲ್ಲಿಗೇ ಬಿಟ್ಟಿರ್ಬೇಕು. ನಾಳೆ ಹೋಗಣ ಅತ್ತೆ."

"ನೀನು ಹೋಗಂಗಿಲ್ವಲ್ಲೇ."

"ನೀನು ಹೋಗಿ ಬಂದು ಏನ್ ಉದ್ಧಾರ ಆಯ್ತು?" ಎಂದಳು.

ಮಾರನೆಯ ದಿನ ಕಾಲೇಜಿಗೆ ರಜೆ ಹಾಕಿದೆ, ಅವಳು ಬೂದಿಗೆರೆಯಿಂದ ಹೊಸಕೋಟೆಗೆ ಬಂದಳು, ಇಬ್ಬರೂ ಜಡಿಗೇನಹಳ್ಳಿ ಬಸ್ಸು ಹಿಡಿದೆವು. ಆ ಮನೆಯ ಗೇಟಿನಲ್ಲಿ ಹುಡುಗನ ತಾಯಿ ಸೊಪ್ಪಿನ ಹೊರೆ ಇಳಿಸುತ್ತಿದ್ದರು. ಹುಡುಗಿಯನ್ನು ನೋಡಿ ಅವರ ನಗು ನಿಂತಿತು. "ಇದೇನು ಮೇಡಮ್ಮೋರೇ, ಮದುವೆಗೆ ಮುಂಚೆ ಹಿಂಗೆ ಕರ್ಕೊಂಡು ಬಂದ್ಬಿಟ್ರಾ?" ಎಂದರು. ಈ ಕಡೆ ಕಾಲೇಜಿನ ಕೆಲಸವಿತ್ತು ಎಂದು ನಾನು ಏನೋ ತೊದಲಿದೆ. ಹುಡುಗಿ ಜಗಲಿಯ ಮೇಲೆ ಕೂತು, ಹೊಸಿಲು ದಾಟಲ್ಲ, ನೀರು ಕುಡ್ಕೊಂಡು ಹೋಗ್ತೀವಿ ಎಂದಳು.

ನೀರು ತಂದವಳು ಹಿರಿಯ ಸೊಸೆ. ಹುಡುಗಿ ಲೋಟ ಇಸಿದುಕೊಂಡು, ಕುಡಿಯದೆ ಕೇಳಿದಳು. "ಅಕ್ಕ, ಹುಳದ ತಟ್ಟೆಗೆ ಹಾಸಿರೋ ಬಾಟನಿ ನೋಟ್ಸು ನಿಮ್ದಾ?"

ಸೊಸೆ ತನ್ನ ಅತ್ತೆಯ ಕಡೆ ನೋಡಿದಳು. ಆಮೇಲೆ ಹೂಂ ಎಂದಳು.

"ಯಾಕೆ ಬಿಟ್ರಿ ಅಕ್ಕ ಕಾಲೇಜು?"

ಉತ್ತರ ಕೊಟ್ಟದ್ದು ಅವಳ ಅತ್ತೆ. "ಬಿಡಿಸ್ಲಿಲ್ಲಮ್ಮ ಯಾರೂನು. ಮದುವೆ ಆದ ತಿಂಗಳು ಹುಳ ಹಣ್ಣಾಗಿತ್ತು, ಗೂಡು ಕಟ್ಟೋ ಹೊತ್ತು, ಕೈ ಸಾಲ್ದು. ಆಮೇಲೆ ಇನ್ನೊಂದು ಬೆಳೆ. ಆಮೇಲೆ ಮಗು. ಹಂಗೇ ನಿಂತೋಯ್ತು." ಸುಳ್ಳಿಲ್ಲ, ಕಪಟವಿಲ್ಲ. ಮಳೆ ಬಂತು, ಬಟ್ಟೆ ಒಣಗಲಿಲ್ಲ ಎಂದು ಹೇಳಿದ ಹಾಗೆ ಹೇಳಿದರು. ಅದನ್ನು ಕೇಳಿ ನನಗೆ ಆದ ಭಯ ಯಾವ ಕಲ್ಲಿನ ಮನೆಯೂ ಹುಟ್ಟಿಸಿರಲಿಲ್ಲ.

"ನಂಗೆ ಪರೀಕ್ಷೆ ಇದೆ ಅಕ್ಕ. ಹಳೇ ಸೆಮಿಸ್ಟರ್‌ದು ಒಂದು ಪೇಪರ್ ಉಳ್ಕೊಂಡಿದೆ. ಮಿಕ್ಕಿರೋ ನೋಟ್ಸ್ ಕೊಡ್ತೀರಾ?"

"ಎಲ್ಲಾ ತಗೊಂಡೋಗಮ್ಮ, ಇಲ್ಲಿ ಯಾರಿಗ್ ಬೇಕು" ಎಂದರು ಅತ್ತೆ.

ಸೊಸೆ ಒಳಗೆ ಹೋದಳು. ತುಂಬ ಹೊತ್ತಾಯಿತು. ಬಂದಾಗ ಕೈಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ಕು, ಅರ್ಧ ಹಾಳೆ ಹರಿದು ರಟ್ಟು ಜೋಲುತ್ತಿತ್ತು. ಹುಡುಗಿಯ ಕೈಗೆ ಕೊಟ್ಟಳು, ಕೊಟ್ಟ ಮೇಲೂ ಅವಳ ಬೆರಳು ಪುಸ್ತಕ ಬಿಡಲಿಲ್ಲ. "ಆದ್ಮೇಲೆ ವಾಪಸ್ ಕೊಡ್ಬೇಕು" ಎಂದಳು.

"ನಿಂಗ್ಯಾಕೆ ಅದು?" ಎಂದರು ಅತ್ತೆ, ನಿಜವಾಗಿಯೂ ತಿಳಿಯದೆ.

ಅವಳು ಅತ್ತ ತಿರುಗಲೂ ಇಲ್ಲ. "ವಾಪಸ್ ಬೇಕು ನಂಗೆ" ಎಂದು ಹುಡುಗಿಗೆ ಇನ್ನೊಂದು ಸಲ ಹೇಳಿದಳು.

ಬಸ್ಸಿನಲ್ಲಿ ಕೂತ ಮೇಲೆ ಅಣ್ಣನ ಮಗಳು ಪುಸ್ತಕ ತೆರೆದಳು. ಮೊದಲ ಪುಟದಲ್ಲಿ ಹೆಸರು, ಕ್ರಮಸಂಖ್ಯೆ, ಕಾಲೇಜು. ಕಾಲೇಜು ನಮ್ಮದೇ. ಆ ಹೆಸರನ್ನು ನಾನು ಒಂದಿಡೀ ವರ್ಷ ಹಾಜರಿಯಲ್ಲಿ ಕೂಗಿರಬೇಕು, ಮುಖ ನೆನಪಿಗೆ ಬರಲಿಲ್ಲ. ಹೊಸಕೋಟೆ ತಾಲ್ಲೂಕಿನ ಹೆಣ್ಣುಮಕ್ಕಳು ಓದಲು ಇನ್ನೆಲ್ಲಿಗೆ ಹೋಗುತ್ತಾರೆ, ಇದನ್ನು ಊಹಿಸಲು ಯಾವ ಪಾಂಡಿತ್ಯವೂ ಬೇಕಿರಲಿಲ್ಲ.

ಕೊನೆಯ ಪುಟಗಳಲ್ಲಿ ಇಂಗ್ಲಿಷ್ ನೋಟ್ಸ್ ಇತ್ತು. ಅಣ್ಣನ ಮಗಳು ಬೆರಳಿಟ್ಟು ಓದಿದಳು. ಹವಾಮಾನ. ದಾರಿ. ಮನೆ. ಮುಚ್ಚಿದ ಬಾಗಿಲು. ಎಚ್ಚರಿಕೆ ಕೊಡುವವರು ಹೆಚ್ಚು ಮಾತಾಡುವುದಿಲ್ಲ, ಒಂದೇ ಮಾತು ಆಡಿ ಹೋಗುತ್ತಾರೆ, ಆ ಮಾತನ್ನು ಹಿಡಿಯಬೇಕು. ಆ ಸಾಲಿನ ಕೆಳಗೆ ಎರಡು ಗೆರೆ ಎಳೆದು ಪಕ್ಕದಲ್ಲಿ ನಕ್ಷತ್ರ ಹಾಕಿದ್ದಳು ಆ ಸೊಸೆ, ನಾನು ಮುಖ್ಯ ಎಂದು ಹೇಳಿದ್ದಕ್ಕೆ.

"ಅತ್ತೆ, ಇದು ನೀನು ಬರೆಸಿದ್ದಾ?"

"ಹೂಂ."

"ಅವತ್ತು ಆ ಅಕ್ಕ ನಿಂಗೆ ಏನಾದ್ರೂ ಅಂದ್ರಾ?"

"ಮುಗಿಸ್ಲಿ ಅಂದ್ಲು."

"ನೀನೇನ್ ಮಾಡ್ದೆ?"

ಬಸ್ಸು ಹಂಪ್ ಹಾರಿ ನಿಂತಿತು, ಯಾರೋ ಹೂವಿನ ಮೂಟೆ ಹತ್ತಿಸಿದರು. ಅಷ್ಟು ಹೊತ್ತೂ ಅವಳು ನನ್ನ ಮುಖ ನೋಡುತ್ತಲೇ ಇದ್ದಳು.

"ಪಾಯಸ ಹಾಕಿಸ್ಕೊಂಡೆ" ಎಂದೆ.

ಅವಳು ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. ಆ ಸಂಜೆ ಅವಳೇ ಅಪ್ಪನ ಮುಂದೆ ನಿಂತು ಈ ಮದುವೆ ಬೇಡ ಎಂದಳು. ಎಲೆಯ ಮುಂದೆ ಕೂತವರು ನೀವು, ನಾನು ಕೂತಿಲ್ಲ ಎಂದಳಂತೆ. ಮನೆಯಲ್ಲಿ ರಂಪವಾಯಿತು. ಅಣ್ಣ ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟ, ಅತ್ತಿಗೆ ಈಗಲೂ ಅರ್ಧ ಬಿಟ್ಟಿದ್ದಾರೆ. ಹುಡುಗಿ ಪರೀಕ್ಷೆ ಬರೆದಳು, ಉಳಿದಿದ್ದ ಪೇಪರೂ ಸೇರಿ.

ಪರೀಕ್ಷೆ ಮುಗಿದ ದಿನವೇ ನೋಟ್‌ಬುಕ್ಕಿಗೆ ಬೈಂಡ್ ಹಾಕಿಸಿ ನನ್ನ ಕೈಗೆ ಕೊಟ್ಟಳು. ಸಂಬಂಧ ಮುರಿದ ಮನೆಗೆ ನಮ್ಮವರು ಯಾರೂ ಕಾಲಿಡುವಂತಿಲ್ಲ ಎಂದು ಅಣ್ಣ ಕಟ್ಟಪ್ಪಣೆ ಮಾಡಿದ್ದ. ನಾನು ಹೋದೆ. ಹುಡುಗನ ತಾಯಿ ಸೊಪ್ಪು ಕತ್ತರಿಸುತ್ತಾ ಕೂತಿದ್ದವರು ತಲೆಯೆತ್ತಿ, "ಏನು, ಮತ್ತೆ ದೆವ್ವ ನೋಡೋಕೆ ಬಂದ್ರಾ?" ಎಂದರು. ಏಳಲಿಲ್ಲ, ಕೂರಿ ಎನ್ನಲಿಲ್ಲ. ಅವರ ಸಿಟ್ಟು ನ್ಯಾಯವಾದದ್ದೇ.

ಅವರಿಗೆ ನಮಸ್ಕಾರ ಹೇಳಿ, ಅಂಗಳದಲ್ಲೇ ನಿಂತು, ನೋಟ್‌ಬುಕ್ಕಿನ ಮೊದಲ ಪುಟದಲ್ಲಿದ್ದ ಹೆಸರು ಹಿಡಿದು ಕೂಗಿದೆ. ನನ್ನ ಗಂಟಲು ದೊಡ್ಡದು ಎಂದು ಹೇಳಿದೆನಲ್ಲ.

ಹುಳದ ಮನೆಯೊಳಗಿನಿಂದ ದನಿ ಬಂತು. "ಯೆಸ್ ಮಿಸ್."

ಕೈಯೆಲ್ಲ ಸೊಪ್ಪಿನ ಹಸಿರು, ಹಾಗೇ ಹೊರಗೆ ಬಂದಳು. ಸೆರಗಿಗೆ ಕೈ ಒರೆಸಿಕೊಂಡು ಪುಸ್ತಕ ಇಸಿದುಕೊಂಡಳು, ಹೊಸ ರಟ್ಟನ್ನು ಮುಟ್ಟಿ ನೋಡಿದಳು, ಹಾಳೆಗಳನ್ನು ಒಂದೊಂದಾಗಿ ತಿರುವಿ ಎಲ್ಲ ಇದೆಯೇ ಎಂದು ನೋಡಿಕೊಂಡಳು. ಆಮೇಲೆ ಅದನ್ನು ಕಂಕುಳಿಗೆ ಸೇರಿಸಿ, "ಕೂತಿರಿ ಮಿಸ್, ಟೀ ತರ್ತೀನಿ" ಎಂದಳು.

"ಟೀ ಬೇಡ ಕಣಮ್ಮ" ಎಂದೆ. "ನೀನು ಕೂತ್ಕೋ."